ಕ್ಯಾಬಿನ್ ಕಡೆ ನೋಡದೆ ಉತ್ತರ ಕೊಡುವ ಸಿಬ್ಬಂದಿ: ಗ್ರಾಹಕರ ನೆನಪಿನಲ್ಲಿ ಉಳಿಯುವ ಸೇವೆ ಕಟ್ಟುವುದು ಹೇಗೆ?

ಕೆಲವು ವರ್ಷಗಳ ಹಿಂದೆ, ಜಿಪ್ ಕಿತ್ತುಹೋದ ಸೂಟ್‌ಕೇಸ್ ಹಿಡಿದುಕೊಂಡು ಒಂದು ಕಂಪನಿಯ ಸರ್ವಿಸ್ ಕೌಂಟರಿಗೆ ಹೋಗಿದ್ದೆ. ವಾರಂಟಿ ಮುಗಿದು ಆರು ದಿನವಾಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ಬಿಲ್ ನೋಡಿದಳು. ಜಿಪ್ಪನ್ನು ಎರಡು ಸಲ ಎಳೆದಳು. ಎರಡೂ ಸಲ ಅದು ಹಿಂದಿನಿಂದ ಬಾಯಿ ಬಿಟ್ಟುಕೊಂಡಿತು. ಆಮೇಲೆ ತಿರುಗಿ, ಹಿಂದಿದ್ದ ಗಾಜಿನ ಕ್ಯಾಬಿನ್ ಕಡೆ ಒಮ್ಮೆ ನೋಡಿದಳು. ಒಳಗಿದ್ದವರು ಫೋನಿನಲ್ಲಿದ್ದರು. "ಸರ್, ಜಿಪ್ಪೇ ಸರಿ ಇರಲಿಲ್ಲ ಅಂತ ನನಗೂ ಗೊತ್ತಾಗ್ತಿದೆ. ಆದ್ರೆ ಡೇಟ್ ಮುಗಿದಿದೆಯಲ್ಲ, ಸಿಸ್ಟಮ್ ತಗೊಳ್ಳಲ್ಲ" ಅಂದಳು.

ಮಾತಿನಲ್ಲಿ ಒರಟುತನ ಇರಲಿಲ್ಲ. ಕುರ್ಚಿ ತೋರಿಸಿದ್ದಳು, ನಕ್ಕಿದ್ದಳು. ಗ್ರಾಹಕರೇ ನಮಗೆ ಮೊದಲು ಎಂಬ ಬೋರ್ಡು ಅವಳ ತಲೆಯ ಮೇಲೇ ಇತ್ತು. ಇಷ್ಟು ವರ್ಷವಾದ ಮೇಲೆ ನನಗೆ ನೆನಪಿರುವುದು ಆ ನಗುವಲ್ಲ, ಬೋರ್ಡೂ ಅಲ್ಲ. ಕ್ಯಾಬಿನ್ ಕಡೆ ಹರಿದ ಆ ನೋಟ. ಸರಿ ಯಾವುದು ಎಂದು ಅವಳಿಗೆ ಗೊತ್ತಿತ್ತು, ಮಾಡುವ ಹಕ್ಕು ಇರಲಿಲ್ಲ.

ಗ್ರಾಹಕ ಸೇವೆ ಸುಧಾರಿಸಬೇಕು ಎಂದಾಗ ಹೆಚ್ಚಿನ ಮಾಲೀಕರು ಸಿಬ್ಬಂದಿಗೆ ನಗುವುದನ್ನು ಕಲಿಸಲು ಹೊರಡುತ್ತಾರೆ. ನನ್ನ ಪ್ರಕಾರ ಕೆಲಸ ಶುರುವಾಗಬೇಕಾದದ್ದು ಕ್ಯಾಬಿನ್ ಒಳಗಿನಿಂದ. ಐದು ಜನರ ಅಂಗಡಿ ಇರಲಿ, ಐನೂರು ಜನರ ಕಂಪನಿ ಇರಲಿ, ಮುಂದಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

1. ಮೊದಲು ನೀವೇ ಗ್ರಾಹಕರಾಗಿ ಒಂದು ಸುತ್ತು ಬನ್ನಿ

1981ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಚುಕ್ಕಾಣಿ ಹಿಡಿದ ಯಾನ್ ಕಾರ್ಲ್‌ಸನ್ ಒಂದು ಸರಳ ಲೆಕ್ಕ ಹಾಕಿದರು. ವರ್ಷಕ್ಕೆ 1 ಕೋಟಿ ಪ್ರಯಾಣಿಕರು. ಒಬ್ಬೊಬ್ಬರೂ ಸುಮಾರು 5 ಸಿಬ್ಬಂದಿಯನ್ನು ಎದುರಾಗುತ್ತಾರೆ, ಪ್ರತಿ ಸಲ ಸರಾಸರಿ 15 ಸೆಕೆಂಡು. ಅಂದರೆ ವರ್ಷಕ್ಕೆ 5 ಕೋಟಿ ಸಲ, 15 ಸೆಕೆಂಡಿನಲ್ಲಿ ಕಂಪನಿಯ ಮರ್ಯಾದೆ ತೀರ್ಮಾನವಾಗುತ್ತದೆ. ವಿಮಾನ, ಕಚೇರಿ, ಜಾಹೀರಾತು ಎಲ್ಲಕ್ಕಿಂತ ಆ 15 ಸೆಕೆಂಡೇ ಕಂಪನಿ ಎಂದರು ಅವರು.

ನಿಮ್ಮ ಆ ಸೆಕೆಂಡುಗಳು ಎಲ್ಲೆಲ್ಲಿವೆ ಎಂದು ಮೀಟಿಂಗ್ ರೂಮಿನಲ್ಲಿ ಕೂತು ಪಟ್ಟಿ ಮಾಡಬೇಡಿ. ಮನೆಯವರ ಫೋನ್ ನಂಬರಿನಿಂದ ನಿಮ್ಮದೇ ಕಂಪನಿಯಲ್ಲಿ ಒಂದು ವಸ್ತು ಕೊಳ್ಳಿ. ಡೆಲಿವರಿಗೆ ಕಾಯಿರಿ. ಒಂದು ದೂರು ಕೊಡಿ. ವಾಪಸ್ ಮಾಡಿ ರಿಫಂಡ್ ಕೇಳಿ. ಪಕ್ಕದಲ್ಲಿ ಒಂದು ಹಾಳೆ ಇರಲಿ. ಎಷ್ಟು ಹೊತ್ತು ಕಾದಿರಿ, ಒಂದೇ ವಿಷಯವನ್ನು ಎಷ್ಟು ಜನರಿಗೆ ಹೇಳಿದಿರಿ, ಯಾರು ಯಾರ ಮೇಲೆ ಹಾಕಿದರು, ಎಲ್ಲವನ್ನೂ ಬರೆಯಿರಿ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾದ ಜಾಗಕ್ಕೆ ಕೆಂಪು ಗುರುತು ಹಾಕಿ. ಕಾಯುವುದನ್ನು ಜನ ಸಹಿಸಿಕೊಳ್ಳುತ್ತಾರೆ; ನಾಲ್ಕನೇ ಸಲ ಆರ್ಡರ್ ನಂಬರ್ ಹೇಳುವುದನ್ನು ಸಹಿಸುವುದಿಲ್ಲ.

ಹಾಳೆ ತುಂಬಿದ ಮೇಲೆ ಎರಡೇ ಜಾಗಗಳನ್ನು ಆರಿಸಿಕೊಳ್ಳಿ: ಎಲ್ಲಕ್ಕಿಂತ ಕೆಟ್ಟದಾದದ್ದು, ಮತ್ತು ಕೊನೆಯದು. ಕೊನೆಯದೇ ಯಾಕೆ ಎಂದರೆ ನಮ್ಮ ನೆನಪು ಕೆಲಸ ಮಾಡುವುದೇ ಹಾಗೆ. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡು, ಮೇಲೆ ಇನ್ನೂ 30 ಸೆಕೆಂಡು. ಆದರೆ ಆ ಕೊನೆಯ 30 ಸೆಕೆಂಡಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತಿತ್ತು. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಆರಿಸಿದ್ದು ಉದ್ದನೆಯದನ್ನೇ. ಒಟ್ಟು ನೋವು ಹೆಚ್ಚಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು, ಅಷ್ಟೇ.

ನಾವು ಮಾಡುವುದು ಇದಕ್ಕೆ ಉಲ್ಟಾ. ಖರ್ಚೆಲ್ಲ ಸ್ವಾಗತಕ್ಕೆ. ದುಡ್ಡು ಕೈಗೆ ಬಂದ ಮೇಲೆ, ಹೊಳೆ ದಾಟಿದವನಿಗೆ ಅಂಬಿಗನ ಹಂಗೇಕೆ ಎನ್ನುವ ಧಾಟಿ. ನಮ್ಮ ಮನೆಯ ವಾಷಿಂಗ್ ಮೆಷಿನ್ ರಿಪೇರಿಗೆ ಒಮ್ಮೆ ಒಬ್ಬ ಟೆಕ್ನಿಷಿಯನ್ ಬಂದಿದ್ದ. ಪಂಪ್ ಬದಲಿಸಿದ್ದು ಅವನ ಕೆಲಸ, ಅದರಲ್ಲಿ ವಿಶೇಷವಿಲ್ಲ. ಹೊರಡುವ ಮೊದಲು ಬಟ್ಟೆಯಿಂದ ನೆಲ ಒರೆಸಿದ. ಹಿಂದೆ ಮಡಚಿಕೊಂಡಿದ್ದ ಪೈಪನ್ನು ನೆಟ್ಟಗೆ ಮಾಡಿದ. ಒಂದು ಸ್ಟಿಕರ್ ಮೇಲೆ ತಾರೀಖು, ಬದಲಿಸಿದ ಭಾಗದ ಹೆಸರು ಬರೆದು ಬಾಗಿಲ ಒಳಬದಿಗೆ ಅಂಟಿಸಿ, "ಮುಂದೆ ಯಾರೇ ಬಂದ್ರೂ ನೀವು ಮೊದಲಿಂದ ಕಥೆ ಹೇಳ್ಬೇಕಾಗಿಲ್ಲ ನೋಡಿ" ಅಂದ. ಎರಡು ನಿಮಿಷದ ಕೆಲಸ. ಅವನು ಬರುವ ಮೊದಲು ಕಸ್ಟಮರ್ ಕೇರ್‌ನಲ್ಲಿ ಮೂರು ದಿನ ಅಲೆಸಿದ್ದ ಸಿಟ್ಟು ಆ ಎರಡು ನಿಮಿಷದಲ್ಲಿ ಇಳಿದುಹೋಯಿತು.

2. ಮೌಲ್ಯಗಳಿಗೆ ಕ್ರಮಸಂಖ್ಯೆ ಕೊಡಿ

ಪ್ರಾಮಾಣಿಕತೆ, ಗುಣಮಟ್ಟ, ಗ್ರಾಹಕಪ್ರೀತಿ, ತಂಡಸ್ಫೂರ್ತಿ: ಇಂಥ ಪಟ್ಟಿ ಎಲ್ಲ ಕಂಪನಿಗಳ ಗೋಡೆಯ ಮೇಲೂ ಇದೆ. ಅವುಗಳ ತೊಂದರೆ ಏನೆಂದರೆ, ಎರಡು ಮೌಲ್ಯ ಡಿಕ್ಕಿ ಹೊಡೆದಾಗ ಯಾವುದನ್ನು ಬಿಡಬೇಕು ಎಂದು ಹೇಳುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಡಿಸ್ನಿ ಪಾರ್ಕುಗಳಲ್ಲಿ ಬಹುಕಾಲ ನಾಲ್ಕು ಸೂತ್ರಗಳಿದ್ದವು: ಸುರಕ್ಷತೆ, ಸೌಜನ್ಯ, ಪ್ರದರ್ಶನ, ದಕ್ಷತೆ. ಮುಖ್ಯವಾದದ್ದು ಸೂತ್ರಗಳಲ್ಲ, ಅವುಗಳ ಕ್ರಮ. ಅತಿಥಿಯೊಂದಿಗೆ ಸೌಜನ್ಯದಿಂದ ಮಾತಾಡುತ್ತಿದ್ದಾಗ ಪಕ್ಕದಲ್ಲಿ ಮಗುವೊಂದು ಬೇಲಿ ಹತ್ತಿದರೆ ಮಾತನ್ನು ಅರ್ಧಕ್ಕೆ ಬಿಟ್ಟು ಓಡಬೇಕು. ಕ್ಯೂ ಬೇಗ ಸಾಗಿಸಬೇಕೆಂದು ಯಾರನ್ನೂ ಗದರಬಾರದು. ಹೊಸದಾಗಿ ಸೇರಿದ ಹುಡುಗನಿಗೂ ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ನೀವೂ ಮೂರೋ ನಾಲ್ಕೋ ಬರೆಯಿರಿ, ಐದು ದಾಟಬೇಡಿ. ಬರೆದ ಮೇಲೆ ಕಳೆದ ತಿಂಗಳು ನಿಜವಾಗಿ ನಡೆದ ಐದು ಗೊಂದಲಗಳನ್ನು ಅದರ ಮುಂದಿಟ್ಟು ನೋಡಿ. ಪಟ್ಟಿಯಿಂದ ಉತ್ತರ ಸಿಗದಿದ್ದರೆ ಹರಿದು ಹಾಕಿ, ಹೊಸದಾಗಿ ಬರೆಯಿರಿ.

3. ಸೇರಿಸಿಕೊಳ್ಳುವಾಗ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರ ಬಗ್ಗೆ ಎಲ್ಲರೂ ಅತಿಯಾಗಿ ಮಾತಾಡುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಎರಡು ವಾರದಲ್ಲಿ ಕಲಿಸಬಹುದು. ಎದುರಿಗಿರುವವರ ಕಷ್ಟ ಅರ್ಥ ಮಾಡಿಕೊಳ್ಳುವ ಸ್ವಭಾವ ಕಲಿಸುವುದು ಕಷ್ಟ. ಇಂಟರ್‌ವ್ಯೂನಲ್ಲಿ "ನಿಮ್ಮ ಕೆಲಸವಲ್ಲದಿದ್ದರೂ ಯಾರಿಗಾದರೂ ಒಂದು ಕೆಲಸ ಮಾಡಿಕೊಟ್ಟದ್ದು ಹೇಳಿ" ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ನಿಜವಾಗಿ ಮಾಡಿದವರು ಚಿಕ್ಕ ಚಿಕ್ಕ ವಿವರ ಹೇಳುತ್ತಾರೆ, ಕಟ್ಟಿ ಹೇಳುವವರು ತತ್ವ ಹೇಳುತ್ತಾರೆ.

ಶೂ ಮಾರುವ ಜಾಪೋಸ್ ಕಂಪನಿ ಯಾವುದೇ ಹುದ್ದೆಗೆ ಸೇರಿದವರನ್ನೂ ಮೊದಲು ಗ್ರಾಹಕರ ಫೋನ್ ಎತ್ತಲು ಕೂರಿಸುತ್ತಿತ್ತು. ಲೆಕ್ಕಪತ್ರದವರಿಗೂ ವಿನಾಯಿತಿ ಇರಲಿಲ್ಲ. ತರಬೇತಿಯ ನಡುವೆ, ಈಗಲೇ ಬಿಟ್ಟುಹೋಗುವುದಾದರೆ 2,000 ಡಾಲರ್ ಕೊಡುತ್ತೇವೆ ಎಂದೂ ಹೇಳುತ್ತಿತ್ತು. ದುಡ್ಡು ತಗೊಂಡು ಹೋದವರು ಕಡಿಮೆ. ನಿಮಗೆ ಅಷ್ಟು ಕೊಡಲು ಆಗದಿರಬಹುದು, ಆದರೆ ಮೊದಲರ್ಧ ಉಚಿತ. ಅಕೌಂಟ್ಸ್‌ನವರು ಎರಡು ದಿನ ಕೌಂಟರಿನಲ್ಲಿ ನಿಂತರೆ, ರಿಫಂಡ್ ಫೈಲು ಯಾಕೆ ಹತ್ತು ದಿನ ಕೂತಿರಬಾರದು ಎಂದು ಅವರಿಗೆ ಬೇರೆ ಪಾಠ ಬೇಕಾಗುವುದಿಲ್ಲ.

4. ನಿರ್ಧರಿಸುವ ಹಕ್ಕು ಕೊಡಿ

ಎಲ್ಲದರ ಬೇರು ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಗ್ರಾಹಕ ಸೇವೆಯಲ್ಲಿ ತಿರುಗುಮುರುಗಾಗಿದೆ. ಇಲ್ಲಿ ಎದುರಿಗಿರುವ ಪೂಜಾರಿ ಕೊಡಲು ಸಿದ್ಧ, ಒಳಗಿರುವ ದೇವರು ಬಿಡುವುದಿಲ್ಲ. ರಿಟ್ಜ್ ಕಾರ್ಲ್‌ಟನ್ ಹೋಟೆಲುಗಳ ಒಂದು ನಿಯಮ ಈ ಕ್ಷೇತ್ರದಲ್ಲಿ ಬಹಳ ಹೆಸರುವಾಸಿ. ಅತಿಥಿಯೊಬ್ಬರ ತೊಂದರೆ ಸರಿಪಡಿಸಲು ಯಾವ ಉದ್ಯೋಗಿಯಾದರೂ, ರೂಮ್ ಗುಡಿಸುವವರಾದರೂ ಸರಿ, ಮ್ಯಾನೇಜರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು. ಅಷ್ಟು ಮೊತ್ತ ಬೇಕಾಗುವುದು ಅಪರೂಪ. ಆ ಅಂಕಿಯ ಕೆಲಸ ಬೇರೆ: ನಿಮ್ಮ ವಿವೇಚನೆಯನ್ನು ಇಷ್ಟು ನಂಬಿದ್ದೇವೆ ಎಂದು ಉದ್ಯೋಗಿಗೆ ತಿಳಿಸುವುದು.

ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಏಪ್ರಿಲ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಕಂಪನಿಯ ಸಿಬ್ಬಂದಿಗೆ ಸೀಟು ಬೇಕೆಂದು, ವಿಮಾನದೊಳಗೆ ಕೂತಿದ್ದ ಪ್ರಯಾಣಿಕರೊಬ್ಬರನ್ನು ಭದ್ರತಾ ಸಿಬ್ಬಂದಿ ಎಳೆದುಕೊಂಡು ಹೋದರು; ವಿಡಿಯೋ ಜಗತ್ತೆಲ್ಲ ನೋಡಿತು. ಗೇಟಿನಲ್ಲಿದ್ದವರು 800 ಡಾಲರ್‌ವರೆಗೆ ಕೊಡುತ್ತೇವೆಂದರೂ ಯಾರೂ ಸೀಟು ಬಿಟ್ಟಿರಲಿಲ್ಲ. ಆಮೇಲೆ ಕಂಪನಿ ಆ ಮಿತಿಯನ್ನು 10,000 ಡಾಲರ್‌ಗೆ ಏರಿಸಿತು. ನಮ್ಮ ನಿಯಮಗಳೇ ನಮ್ಮ ಮೌಲ್ಯಗಳಿಗೆ ಅಡ್ಡ ಬಂದವು ಎಂದು ಒಪ್ಪಿಕೊಂಡಿತು. ಅದೇ ಮಿತಿ ಹಿಂದಿನ ದಿನ ಇದ್ದಿದ್ದರೆ ಆ ವಿಡಿಯೋ ಇರುತ್ತಲೇ ಇರಲಿಲ್ಲ.

ನಿಮ್ಮ ಮಿತಿ ಎಷ್ಟಿರಬೇಕು? ಅಂದಾಜಿನಲ್ಲಿ ಇಡಬೇಡಿ. ಕಳೆದ ಮೂರು ತಿಂಗಳಲ್ಲಿ ಮ್ಯಾನೇಜರ್ ಅನುಮತಿಗೆ ಬಂದ ರಿಫಂಡ್, ಬದಲಿ, ರಿಯಾಯಿತಿಗಳನ್ನೆಲ್ಲ ಮೊತ್ತದ ಪ್ರಕಾರ ಜೋಡಿಸಿ. ಒಂದು ಮೊತ್ತದವರೆಗೆ ಹತ್ತರಲ್ಲಿ ಒಂಬತ್ತಕ್ಕೆ ಮ್ಯಾನೇಜರ್ ಹೂಂ ಅಂದಿರುತ್ತಾರೆ. ಹಾಗಿದ್ದ ಮೇಲೆ ಆ ಅನುಮತಿ ಕೇಳಿಸುವುದು ಯಾಕೆ? ಆ ಮೊತ್ತವೇ ನಿಮ್ಮ ಮಿತಿ. ಜೊತೆಗೆ ಯಾರೂ ಮೀರಬಾರದ ಗೆರೆಗಳನ್ನೂ ಬರೆದುಕೊಡಿ: ಸುರಕ್ಷತೆ, ಕಾನೂನು, ಬೇರೆ ಗ್ರಾಹಕರ ಖಾಸಗಿ ಮಾಹಿತಿ. ಗೆರೆ ಎಲ್ಲಿದೆ ಎಂದು ಸ್ಪಷ್ಟವಿದ್ದಾಗಲೇ ಒಳಗೆ ಧೈರ್ಯವಾಗಿ ಓಡಾಡಲು ಆಗುವುದು.

ಕೌಂಟರಿನ ಮೇಲೆ ಒಂದು ನೋಟ್‌ಬುಕ್ ಇಡಿ. ಹಕ್ಕು ಬಳಸಿದಾಗಲೆಲ್ಲ ಮೂರು ಸಾಲು: ಏನಾಗಿತ್ತು, ನಾನೇನು ಮಾಡಿದೆ, ಎಷ್ಟು ಖರ್ಚಾಯಿತು. ಇದು ಲೆಕ್ಕ ಕೇಳಲಿಕ್ಕಲ್ಲ, ಮುಂದಿನವರು ಓದಿ ಕಲಿಯಲಿಕ್ಕೆ.

"ಎಲ್ಲರೂ ದುರುಪಯೋಗ ಮಾಡಿಕೊಂಡರೆ?" ಎಂದು ಕೇಳದ ಮಾಲೀಕರನ್ನು ನಾನು ನೋಡಿಲ್ಲ. ನಾನು ಕಂಡದ್ದು ಇದರ ವಿರುದ್ಧ. ಮೊದಲ ತಿಂಗಳು ನೋಟ್‌ಬುಕ್ ಖಾಲಿ ಬಿದ್ದಿರುತ್ತದೆ. ವರ್ಷಗಟ್ಟಲೆ ಬೈಸಿಕೊಂಡವರು ಒಂದು ಸುತ್ತೋಲೆ ನಂಬಿ ಕೈ ಬಿಚ್ಚುವುದಿಲ್ಲ. ಅವರು ಕಾಯುವುದು ಮೊದಲ ತಪ್ಪಿಗೆ. ಯಾರೋ ಒಬ್ಬರು ಕೊಡಬಾರದ ರಿಫಂಡ್ ಕೊಟ್ಟೇ ಕೊಡುತ್ತಾರೆ. ಆಗ ಮ್ಯಾನೇಜರ್ ಏನು ಹೇಳುತ್ತಾರೆ ಎಂದು ಇಡೀ ತಂಡ ಕಿವಿಗೊಟ್ಟಿರುತ್ತದೆ.

"ಯಾರನ್ನ ಕೇಳಿ ಕೊಟ್ಟೆ?" ಎಂದು ಒಮ್ಮೆ ಅಂದರೆ ಮುಗಿಯಿತು, ನೋಟ್‌ಬುಕ್ ಎತ್ತಿಡಬಹುದು. ಅದರ ಬದಲು ಹೀಗೆ: "ಕೊಟ್ಟಿದ್ದೀರಿ, ಸರಿ. ಆ ಹೊತ್ತಿನಲ್ಲಿ ನಿಮಗೆ ಏನು ಅನಿಸಿತು ಹೇಳಿ." "ಮೇಡಂ, ಅವರು ತುಂಬ ದೂರದಿಂದ ಬಂದಿದ್ರು, ಬಿಲ್ ಬೇರೆ ಇರಲಿಲ್ಲ..." "ಅಯ್ಯೋ, ಫೋನ್ ನಂಬರ್ ಹಾಕಿದ್ರೆ ಬಿಲ್ ಸಿಕ್ಕಿಬಿಡತ್ತೆ. ಬನ್ನಿ ತೋರಿಸ್ತೀನಿ." ಇಷ್ಟೇ. ಇನ್ನೊಂದು ಮಾತು: ಸಿಬ್ಬಂದಿ ಕೊಟ್ಟ ಮಾತನ್ನು ಗ್ರಾಹಕರ ಎದುರಿಗೆ ಎಂದೂ ತಿರುಗಿಸಬೇಡಿ. ಜೋರು ಮಾಡಿದವರಿಗೆ ಮ್ಯಾನೇಜರ್ ಬಂದು ನಿಯಮ ಸಡಿಲಿಸುವುದೂ ಅಷ್ಟೇ ಕೆಟ್ಟದ್ದು. ಸಿಬ್ಬಂದಿಯನ್ನು ಖಳನಾಯಕನ ಪಾತ್ರಕ್ಕೆ ನಿಲ್ಲಿಸಿ ನೀವು ನಾಯಕನ ಪಾತ್ರ ಮಾಡಿದಂತಾಗುತ್ತದೆ.

5. ದಿನಕ್ಕೆ ಹತ್ತು ನಿಮಿಷ, ನಿಂತುಕೊಂಡೇ

ಶಿಫ್ಟ್ ಶುರುವಾಗುವ ಮೊದಲು ಹತ್ತು ನಿಮಿಷ ಎಲ್ಲರೂ ಸೇರಿ. ರಿಟ್ಜ್ ಕಾರ್ಲ್‌ಟನ್‌ನಲ್ಲೂ ದಿನವೂ ಇಂಥ ಒಂದು ಸಭೆ ನಡೆಯುತ್ತದೆ. ನೋಟ್‌ಬುಕ್ಕಿನಿಂದ ನಿನ್ನೆಯ ಒಂದು ಘಟನೆ ಓದಿ. ಬರೆದವರೇ ಓದಿದರೆ ಒಳ್ಳೆಯದು. ಇವತ್ತು ಏನು ಸ್ಟಾಕ್ ಇಲ್ಲ, ಯಾವ ಡೆಲಿವರಿ ತಡ, ಯಾರು ರಜೆ, ಅದನ್ನು ಹೇಳಿ. ಮಾರಾಟದ ಟಾರ್ಗೆಟ್ ಈ ಹತ್ತು ನಿಮಿಷದೊಳಗೆ ಬರಕೂಡದು. ಬಂದ ದಿನವೇ ಈ ಸಭೆ ಹಾಜರಿ ಕರೆಯುವ ಶಾಸ್ತ್ರವಾಗಿಬಿಡುತ್ತದೆ.

6. ತಪ್ಪಾದಾಗ

ತಪ್ಪು ಆಗಿಯೇ ಆಗುತ್ತದೆ. ಗ್ರಾಹಕರು ಮನೆಯಲ್ಲಿ ಹೇಳಿಕೊಳ್ಳುವುದು ಸರಾಗವಾಗಿ ನಡೆದ ಹತ್ತು ವ್ಯವಹಾರಗಳನ್ನಲ್ಲ, ಕೆಟ್ಟುಹೋದ ಒಂದನ್ನು ನೀವು ಹೇಗೆ ಸರಿಪಡಿಸಿದಿರಿ ಎಂಬುದನ್ನು.

ಮೊದಲು ಪೂರ್ತಿ ಕೇಳಿಸಿಕೊಳ್ಳಿ. ನಡುವೆ ಬಾಯಿ ಹಾಕಿ ಆರ್ಡರ್ ನಂಬರ್ ಕೇಳಬೇಡಿ. ಆಮೇಲೆ ಆದದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಅರ್ಥವಾಗಿದೆ ಎಂದು ಅವರಿಗೆ ಗೊತ್ತಾಗಲಿ. ಕ್ಷಮೆ ಕೇಳಿ. "ಉಂಟಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದು ಬಾಯಿಬಿಟ್ಟು ಮಾತಾಡುವ ಯಾವ ಮನುಷ್ಯನೂ ಹೇಳುವುದಿಲ್ಲ, ಅದನ್ನು ಸ್ಕ್ರಿಪ್ಟಿನಿಂದ ತೆಗೆದುಹಾಕಿ. "ತಪ್ಪು ನಮ್ಮದೇ. ಮಂಗಳವಾರ ಕೊಡ್ತೀವಿ ಅಂದು ಕೊಡಲಿಲ್ಲ" ಎಂಬುದು ಕ್ಷಮೆ. ಮುಂದೆ ಏನು ಮಾಡುತ್ತೀರಿ, ಯಾವಾಗ, ಯಾರು ಎಂದು ಹೇಳಿ. ಹೇಳಿದ ಹೊತ್ತಿಗೆ, ಕೆಲಸ ಆಗಿರದಿದ್ದರೂ, ಫೋನ್ ಮಾಡಿ. ಈ ಕೊನೆಯದನ್ನು ಎಷ್ಟು ಕಡಿಮೆ ಜನ ಮಾಡುತ್ತಾರೆಂದರೆ, ಮಾಡಿದವರು ತಾನಾಗಿಯೇ ನೆನಪಿನಲ್ಲಿ ಉಳಿಯುತ್ತಾರೆ.

ಸಮಸ್ಯೆ ಹಾಗೇ ಇಟ್ಟುಕೊಂಡು ಡಿಸ್ಕೌಂಟ್ ಕೂಪನ್ ಕಳಿಸುವುದು ಮೂಗಿಗೆ ತುಪ್ಪ ಸವರುವ ಕೆಲಸ. ಕೆಟ್ಟ ಅನುಭವ ಕೊಟ್ಟ ಜಾಗಕ್ಕೇ ಮತ್ತೆ ಬಂದು ಖರ್ಚು ಮಾಡಿ ಎಂದ ಹಾಗೆ.

ಇನ್ನು ಬೇರಿನ ಕಡೆ. ಟೊಯೋಟಾದ ಜೋಡಣಾ ಸಾಲಿನಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು. ಬೇಗ ಬಗೆಹರಿಯದಿದ್ದರೆ ಸಾಲೇ ನಿಲ್ಲುತ್ತದೆ. ನಿಮ್ಮಲ್ಲೂ ಒಂದು ಹಗ್ಗ ಇರಲಿ. ಒಂದೇ ದೂರು ವಾರದಲ್ಲಿ ಮೂರು ಸಲ ನೋಟ್‌ಬುಕ್ಕಿಗೆ ಬಂದರೆ, ಬರೆದವರು ನೇರವಾಗಿ ಗೋದಾಮು ಅಥವಾ ಬಿಲ್ಲಿಂಗ್ ವಿಭಾಗದವರನ್ನು ಕರೆದು ಕೂರಿಸಬಹುದು ಎಂಬ ನಿಯಮ ಮಾಡಿ. ಎತ್ತು ಏರಿಗೆ ಕೋಣ ನೀರಿಗೆ ಎಳೆಯುವ ವಿಭಾಗಗಳ ನಡುವೆ ಸಿಕ್ಕಿ ನರಳುವುದು ಯಾವಾಗಲೂ ಕೌಂಟರಿನಲ್ಲಿ ನಿಂತವರೇ.

7. ಅಳೆಯುವಾಗ ಜೋಪಾನ

ನೀವು ಯಾವುದಕ್ಕೆ ಇನ್ಸೆಂಟಿವ್ ಕೊಡುತ್ತೀರೋ ಸಿಬ್ಬಂದಿ ಅದನ್ನೇ ಮಾಡುತ್ತಾರೆ, ಗೋಡೆಯ ಮೇಲೆ ಏನೇ ಬರೆದಿರಲಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕರಿಗೂ ಹೆಚ್ಚು ಹೆಚ್ಚು ಖಾತೆ ಮಾರಬೇಕೆಂಬ ಒತ್ತಡವಿತ್ತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆಯೇ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ವಿಷಯ ಹೊರಬಿದ್ದಾಗ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ಜನ ಕೆಲಸ ಕಳೆದುಕೊಂಡಿದ್ದರು.

ಕಾಲ್ ಸೆಂಟರಿನಲ್ಲಿ ಒಂದು ಕಾಲ್ ಎಷ್ಟು ನಿಮಿಷದಲ್ಲಿ ಮುಗಿಯಿತು ಎಂದು ಅಳೆದರೆ ಕಾಲ್ ಕಟ್ ಆಗುತ್ತದೆ, ಸಮಸ್ಯೆ ಬಗೆಹರಿಯುವುದಿಲ್ಲ. ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ ಎಂದು 0ಯಿಂದ 10ರವರೆಗೆ ಅಂಕ ಕೇಳುವ ಪದ್ಧತಿ 2003ರಿಂದ ಎಲ್ಲೆಡೆ ಹರಡಿದೆ. ಉಪಯೋಗಿ ಪ್ರಶ್ನೆಯೇ. ಅದನ್ನು ಸಂಬಳಕ್ಕೆ ಕಟ್ಟಿದ ಕೂಡಲೇ "ಸರ್, ದಯವಿಟ್ಟು ಹತ್ತು ಕೊಡಿ, ಇಲ್ಲದಿದ್ರೆ ನನಗೆ ತೊಂದರೆ" ಎಂಬ ಅಂಗಲಾಚುವಿಕೆ ಶುರು. ಹಾಗೆ ಬೇಡಿ ಪಡೆದ ಹತ್ತರಿಂದ ನಿಮಗೇನು ತಿಳಿಯುತ್ತದೆ?

ನಾನು ನೋಡುವುದು ಮೂರೇ: ಮೊದಲ ಸಲ ಸಂಪರ್ಕಿಸಿದಾಗಲೇ ಎಷ್ಟು ದೂರು ಬಗೆಹರಿಯಿತು, ಬಂದವರಲ್ಲಿ ಎಷ್ಟು ಜನ ಮತ್ತೆ ಬಂದರು, ವರ್ಷದಲ್ಲಿ ಎಷ್ಟು ಸಿಬ್ಬಂದಿ ಬಿಟ್ಟುಹೋದರು. ಮೂರನೆಯದನ್ನು ಗ್ರಾಹಕ ಸೇವೆಯ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಆದರೆ ಕೌಂಟರಿನ ಮುಖ ತಿಂಗಳಿಗೊಮ್ಮೆ ಬದಲಾಗುವ ಕಡೆ ಹಳೆಯ ಗ್ರಾಹಕನೂ ಪ್ರತಿ ಸಲ ಹೊಸಬನೇ.

8. ಸಿಬ್ಬಂದಿಯ ಬೆನ್ನಿಗೆ ನಿಲ್ಲಿ

ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿ 1983ರಲ್ಲಿ ಒಂದು ವಿಷಯಕ್ಕೆ ಹೆಸರು ಕೊಟ್ಟರು: ಭಾವನೆಯ ದುಡಿಮೆ. ಒಳಗೆ ಸಿಟ್ಟಿದ್ದರೂ ಹೊರಗೆ ನಗುವುದು ಕೂಡ ಮೈಮುರಿಯುವ ಕೆಲಸವೇ, ಅದಕ್ಕೂ ದಣಿವಿದೆ. ಎಂಟು ಗಂಟೆ ನಿಂತು ನಗಬೇಕಾದವರಿಗೆ ಕೂರಲು ಸ್ಟೂಲ್, ಕೆಟ್ಟ ಗ್ರಾಹಕರೊಬ್ಬರನ್ನು ಎದುರಿಸಿದ ಮೇಲೆ ಐದು ನಿಮಿಷ ಹೊರಗೆ ಹೋಗಿಬರುವ ಅವಕಾಶ, ಹಿಂದಿನ ರಾತ್ರಿ ಬದಲಾಗದ ಶಿಫ್ಟ್ ಪಟ್ಟಿ: ಇವು ಸೌಕರ್ಯಗಳಲ್ಲ, ಗ್ರಾಹಕ ಸೇವೆಯ ಕಚ್ಚಾ ಸಾಮಗ್ರಿ. ಒಳಗಿನ ಕೆಲಸದ ಗುಣಮಟ್ಟದಿಂದ ಸಿಬ್ಬಂದಿಯ ತೃಪ್ತಿ, ಅದರಿಂದ ಒಳ್ಳೆಯ ಸೇವೆ, ಅದರಿಂದ ಗ್ರಾಹಕರ ನಿಷ್ಠೆ, ಕೊನೆಗೆ ಲಾಭ ಎಂಬ ಸರಪಳಿಯನ್ನು ಹಾರ್ವರ್ಡ್‌ನ ಪ್ರಾಧ್ಯಾಪಕರು 1994ರಲ್ಲೇ ವಿವರಿಸಿದ್ದಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಆಗಿರುವ ಕಂಪನಿಯ ಸರಪಳಿ ಮೊದಲ ಕೊಂಡಿಯಲ್ಲೇ ಕಳಚಿಕೊಂಡಿರುತ್ತದೆ.

ಬೈಗುಳಕ್ಕೆ ಒಂದು ನಿಯಮ ಬರೆದಿಡಿ. ಸಿಟ್ಟು ಸಹಜ, ಸಹಿಸಬೇಕು. ವೈಯಕ್ತಿಕ ನಿಂದನೆ, ಬೆದರಿಕೆ, ಕೆಟ್ಟ ಮಾತು ಬಂದರೆ ಒಮ್ಮೆ ಎಚ್ಚರಿಸಿ ಫೋನ್ ಇಡುವ ಅಥವಾ ಕೌಂಟರ್ ಬಿಟ್ಟು ಹೋಗುವ ಹಕ್ಕು ಸಿಬ್ಬಂದಿಗಿದೆ, ಆಮೇಲಿನದು ಮ್ಯಾನೇಜರ್ ಕೆಲಸ. ಗ್ರಾಹಕರು ಹೇಳಿದ್ದೆಲ್ಲ ಸರಿ ಎಂಬ ಹಳೆಯ ಮಾತನ್ನು ನಾನು ಯಾವ ತಂಡಕ್ಕೂ ಹೇಳಿಕೊಡುವುದಿಲ್ಲ.

ಮೊದಲ ಮೂರು ತಿಂಗಳು

ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಮೊದಲ ಎರಡು ವಾರ ಬರೀ ಗ್ರಾಹಕರಾಗಿ ಸುತ್ತು, ಹಾಳೆ, ಕೆಂಪು ಗುರುತು. ಮೂರನೇ ವಾರ ಸಿಬ್ಬಂದಿಯ ಜೊತೆ ಕೂತು ಒಂದೇ ಪ್ರಶ್ನೆ ಕೇಳಿ: "ಗ್ರಾಹಕರಿಗೆ ಇಲ್ಲ ಅನ್ನೋಕೆ ನಿಮಗೇ ಬೇಜಾರಾಗೋದು ಯಾವ ವಿಷಯಕ್ಕೆ?" ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ, ಕಾಯಿರಿ. ಬಂದ ಉತ್ತರಗಳಲ್ಲಿ ಸುಲಭವಾದ ಎರಡನ್ನು ಆ ವಾರವೇ ಬದಲಿಸಿ. ಕೇಳಿದ್ದಕ್ಕೆ ಫಲವಿದೆ ಎಂದು ಕಾಣಲಿ. ಎರಡನೇ ತಿಂಗಳು ಒಂದೇ ಶಾಖೆಯಲ್ಲಿ, ಅಥವಾ ಒಂದೇ ಶಿಫ್ಟಿನಲ್ಲಿ, ಮಿತಿಯನ್ನೂ ನೋಟ್‌ಬುಕ್ಕನ್ನೂ ಜಾರಿಗೆ ತನ್ನಿ. ಬೆಳಗಿನ ಹತ್ತು ನಿಮಿಷವನ್ನೂ ಆಗಲೇ ಶುರು ಮಾಡಿ. ಉಳಿದ ಕಡೆಗೆ ಹರಡುವುದು ಮೂರನೇ ತಿಂಗಳು.

ನೋಟ್‌ಬುಕ್ ಖಾಲಿಯೇ ಇದ್ದರೆ ಮೊದಲ ಪುಟವನ್ನು ನೀವೇ ಬರೆಯಿರಿ. ಒಂದು ದಿನ ಕೌಂಟರಿನಲ್ಲಿ ನಿಲ್ಲಿ. ವಾರಂಟಿ ಮುಗಿದು ಆರು ದಿನವಾದ ಸೂಟ್‌ಕೇಸ್ ಹಿಡಿದು ಯಾರಾದರೂ ಬಂದರೆ ಜಿಪ್ ಹಾಕಿಸಿಕೊಡಿ. ಏನಾಗಿತ್ತು, ಏನು ಮಾಡಿದಿರಿ, ಎಷ್ಟಾಯಿತು ಎಂದು ಮೂರು ಸಾಲು ಬರೆದು, ಕೆಳಗೆ ಸಹಿ ಹಾಕಿ, ಪಕ್ಕದಲ್ಲಿರುವವರ ಕೈಗೆ ಪೆನ್ನು ಕೊಡಿ.